ಹೋಗದೆ ವಾಪಸು ಬಂದವನು

ಬಿನ್ನವತ್ತಳೆ ಬರೆದೂ ಬರೆದೂ ನನಗೆ ಸಾಕಾಗಿ ಹೋಗಿದೆ. ಕನ್ನಡ ಪಾಠ ಹೇಳುವವಳು ಎಂದ ಮೇಲೆ ಎಲ್ಲರ ವರ್ಗ, ನಿವೃತ್ತಿ, ಸಾವು ಎಲ್ಲವೂ ನನ್ನ ತಲೆಗೇ ಎಂದು ನಮ್ಮ ಮುಳಬಾಗಿಲಿನ ಕಾಲೇಜಿನಲ್ಲಿ ಯಾವತ್ತೋ ತೀರ್ಮಾನವಾಗಿಬಿಟ್ಟಿದೆ. ಯಾರಿಗಾದರೂ ವರ್ಗವಾಯಿತೇ, 'ಮೇಡಂ ಇದ್ದಾರಲ್ಲ, ನಾಲ್ಕು ಸಾಲು ಬರೆದುಕೊಡ್ತಾರೆ.' ಯಾರಾದರೂ ತೀರಿಕೊಂಡರೇ, ಅದಕ್ಕೂ ಮೇಡಂ. ಹೋದ ತಿಂಗಳು ಪ್ರಿನ್ಸಿಪಾಲರು ಕರೆದು, "ನಮ್ಮ ಕಾಮರ್ಸ್ ಮೇಷ್ಟ್ರ ಬಗ್ಗೆ ಕಾಲೇಜು ಸಂಚಿಕೆಗೆ ಎರಡು ಪುಟ ಬರೀರಿ ಮೇಡಂ, ಒಳ್ಳೊಳ್ಳೆ ಮಾತು ಇರಲಿ" ಎಂದರು. ಬರೆದುಕೊಟ್ಟೆ. ಸರಳ ಸಜ್ಜನಿಕೆ, ವಿದ್ಯಾರ್ಥಿಗಳಲ್ಲಿ ಮಮತೆ, ತುಂಬಲಾರದ ನಷ್ಟ. ಡಬ್ಬಿಯಲ್ಲಿಟ್ಟ ಹುಣಿಸೆಹಣ್ಣಿನ ಹಾಗೆ ಈ ಮಾತುಗಳು ನನ್ನ ಹತ್ತಿರ ಯಾವಾಗಲೂ ಇರುತ್ತವೆ. ಅಚ್ಚಾಯಿತು. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಅದರಲ್ಲಿ ಅವನು ಮಾತ್ರ ಇರಲಿಲ್ಲ.

ಅದಕ್ಕೇ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅವನ ಅಪ್ಪ ಅಮ್ಮ ಇನ್ನೂ ಇದ್ದಾರೆ, ಊರೂ ಇದೆ. ಹೆಸರು ಬೇಡ ಎನ್ನುವುದಕ್ಕೆ ಕಾರಣ ಏನೆಂದು ಓದುತ್ತ ಹೋದರೆ ತಾನಾಗಿ ತಿಳಿಯುತ್ತದೆ.

ನನಗಿಂತ ಐದಾರು ವರ್ಷ ಚಿಕ್ಕವನು, ನನ್ನ ತಮ್ಮನ ಓರಗೆಯವನು. ಕಾಲೇಜಿನಲ್ಲಿ ಬಹುವಚನ, ನನ್ನ ಮನಸ್ಸಿನಲ್ಲಿ ಏಕವಚನ. ಅವನೂ ಅಷ್ಟೆ, ಸ್ಟಾಫ್ ರೂಮಿನಲ್ಲಿ 'ಮೇಡಂ' ಎನ್ನುತ್ತಿದ್ದ, ಬಸ್‌ಸ್ಟ್ಯಾಂಡಿಗೆ ಬಂದ ಕೂಡಲೇ 'ಅಕ್ಕಾ' ಎನ್ನುತ್ತಿದ್ದ. ಕುರುಡುಮಲೆಯಿಂದ ಆಚೆಗೆ ಒಂದು ಸಣ್ಣ ಹಳ್ಳಿ ಅವನದು. ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ. ಮನೆಯ ಅರ್ಧ ರೇಷ್ಮೆಹುಳುಗಳಿಗೆ, ಉಳಿದರ್ಧ ಮನುಷ್ಯರಿಗೆ. ಅಪ್ಪನ ಹತ್ತಿರ ತೆಲುಗು, ಅಮ್ಮನ ಹತ್ತಿರ ಕನ್ನಡ, ಸಿಟ್ಟು ಬಂದರೆ ಎರಡೂ. ಆ ಮನೆಯಿಂದ ಬೆಂಗಳೂರಿಗೆ ಹೋಗಿ ಎಂ.ಕಾಂ. ಮಾಡಿ ಎಪ್ಪತ್ತಮೂರರ ಸುಮಾರಿಗೆ ನಮ್ಮ ಕಾಲೇಜಿಗೆ ಬಂದ. ಊರಿಗೆ ಹೋಗುವ ಬಸ್ಸು ದಿನಕ್ಕೆ ಒಂದೋ ಎರಡೋ ಇದ್ದದ್ದರಿಂದ ಮುಳಬಾಗಿಲಿನಲ್ಲೇ ಒಂದು ರೂಮು ಹಿಡಿದಿದ್ದ.

ಉದ್ದನೆಯ ಆಸಾಮಿ. ಬಾಗಿಲು ಎಷ್ಟು ಎತ್ತರವಿದ್ದರೂ ತಲೆ ಬಗ್ಗಿಸಿಯೇ ಒಳಗೆ ಬರುತ್ತಿದ್ದ. ಯೋಚನೆ ಹತ್ತಿದರೆ ಕಿವಿಯ ತುದಿ ಎಳೆದುಕೊಳ್ಳುವ ಅಭ್ಯಾಸ. ಹಾಗೆ ಎಳೆದೂ ಎಳೆದೂ ಎಡಗಿವಿಯ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ ಇರುತ್ತಿತ್ತು. ಬೆಳಿಗ್ಗೆ ಕಾಲೇಜಿಗೆ ಮುಂಚೆ ತರಕಾರಿ ಮಂಡಿಗೆ ಒಂದು ಸುತ್ತು ಹೋಗಿ ಬರುತ್ತಿದ್ದ. ಕೊಳ್ಳುವುದಕ್ಕಲ್ಲ, ರೇಟು ಕೇಳುವುದಕ್ಕೆ. ಕ್ಲಾಸಿಗೆ ಕಾಲಿಟ್ಟವನೇ ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ, "ಇವತ್ತು ಟೊಮೆಟೊ ಹೆಂಗೋ?" ಎನ್ನುತ್ತಿದ್ದ. ಹುಡುಗ ಬೆಬ್ಬೆಬ್ಬೆ ಎಂದರೆ, "ರೇಟ್ ಗೊತ್ತಿಲ್ದೆ ಕಾಮರ್ಸ್‌ಗೆ ಯಾಕೋ ಬಂದೆ? ಪಕ್ಕದ್ ರೂಮಲ್ಲಿ ಮೇಡಂ ಹಳಗನ್ನಡ ಮಾಡ್ತವ್ರೆ, ಅಲ್ಲಿ ಹೋಗಿ ಮಲ್ಕೋ." ಗೋಡೆ ತೆಳ್ಳಗಿತ್ತು, ನನಗೆ ಎಲ್ಲವೂ ಕೇಳುತ್ತಿತ್ತು. ಸಂಜೆ ಸಿಕ್ಕಾಗ ಚೆನ್ನಾಗಿ ಬೈಯುತ್ತಿದ್ದೆ, ಅವನು ಕಿವಿ ಎಳೆದುಕೊಂಡು ನಗುತ್ತಿದ್ದ.

ಅಮೆರಿಕಕ್ಕೆ ಹೋಗಿ ಬಿಸಿನೆಸ್ ಸ್ಕೂಲು ಸೇರಬೇಕೆನ್ನುವ ಹುಚ್ಚು ಅವನಿಗೆ ಯಾವಾಗ ಹತ್ತಿತೋ ನನಗೆ ತಿಳಿಯದು. ಯಾಕೆ ಹತ್ತಿತು ಎನ್ನುವುದು ಗೊತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತ ಹೇಳಿದ.

"ನಮ್ಮಪ್ಪ ಗೂಡು ತಗೊಂಡು ಮಾರ್ಕೆಟ್‌ಗೆ ಹೋಗ್ತಾರೆ ಮೇಡಂ. ರೇಷ್ಮೆಗೂಡು ಕಾಯಲ್ಲ, ಬಿಟ್ರೆ ಚಿಟ್ಟೆ ಹೊರಗ್ ಬಂದು ಗೂಡು ಹಾಳು. ಕೊಳ್ಳೋನ್ಗೆ ಅದು ಗೊತ್ತು. ಅವ್ನು ಕಾಯ್ತಾನೆ. ಮಧ್ಯಾಹ್ನ ಮೂರು ಗಂಟೆಗಂಟ ಕಾಯ್ತಾನೆ. ಮೂರು ಗಂಟೆಗೆ ನಮ್ಮಪ್ಪ ತಲೆ ಬಗ್ಗಿಸಿ 'ಹಾಕ್ಕೊಳಪ್ಪಾ, ನಿನ್ನ ಇಷ್ಟ' ಅಂತಾರೆ. ನಾನ್ ಚಿಕ್ಕೋನಿದ್ದಾಗಿಂದ ನೋಡ್ತಿದೀನಿ. ನಾನ್ ಪಾಠ ಮಾಡೋ ಪುಸ್ತಕದಲ್ಲಿ ಬಂಡವಾಳ ಐತೆ, ಷೇರು ಐತೆ. ಆ ಮೂರು ಗಂಟೆ ಎಲ್ಲೂ ಇಲ್ಲ."

"ಅದು ಅಮೆರಿಕದಲ್ಲಿ ಇದೆಯಾ?" ಎಂದೆ.

"ಗೊತ್ತಿಲ್ಲ. ಅವರೂ ಹಣ್ಣು, ಹಾಲು ಎಲ್ಲಾ ಬೆಳೀತಾರಲ್ಲ, ಕೆಡೋ ಸಾಮಾನು. ಅವರು ಏನ್ ಮಾಡ್ತಾರೆ ನೋಡ್ಕೊಂಡ್ ಬರ್ಬೇಕು. ಕಲ್ತು ಬಂದು ಇಲ್ಲೇ ಏನಾರ ಮಾಡ್ಬೇಕು."

ನಾನು ನಗಲಿಲ್ಲ. ನನ್ನದು ಶ್ರೀನಿವಾಸಪುರ, ಮಾವಿನಕಾಯಿಯ ಊರು. ಕೆಡುವ ಸಾಮಾನು ಬೆಳೆಯುವವರ ಮುಖ ಸೀಸನ್ನಿನಲ್ಲಿ ಹೇಗಿರುತ್ತದೆಂದು ನನಗೂ ಗೊತ್ತಿತ್ತು.

ಅರ್ಜಿ ಹಾಕುವುದೆಂದರೆ ಆ ಕಾಲಕ್ಕೆ ಅದೊಂದು ದೊಡ್ಡ ರಾಮಾಯಣ. ಹೈಸ್ಕೂಲಿನಿಂದಲೂ ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲೇ ಪಾಠ ಹೇಳುವ ಈ ಪ್ರಾಣಿ ತನಗೆ ಇಂಗ್ಲಿಷ್ ಬರುತ್ತದೆಂದು ಒಂದು ಪರೀಕ್ಷೆ ಬರೆದು ತೋರಿಸಬೇಕಾಗಿತ್ತು, ಲೆಕ್ಕ ಬರುತ್ತದೆಂದು ಇನ್ನೊಂದು. ಅವೆರಡಕ್ಕಿಂತ ಅವನನ್ನು ಗೋಳಾಡಿಸಿದ್ದು ಬೇರೆಯದು. ತನ್ನ ಬಗ್ಗೆ ತಾನೇ ಎರಡು ಪುಟ ಬರೆಯಬೇಕು, ತಾನು ಎಷ್ಟು ಸಮರ್ಥ, ಯಾರನ್ನು ಹೇಗೆ ಮುನ್ನಡೆಸಿದ್ದೇನೆ ಎಂದು. ಬರೆಯುತ್ತಿದ್ದ, ಹರಿಯುತ್ತಿದ್ದ. "ನನ್ನ ನಾನೇ ಹೆಂಗ್ ಹೊಗಳ್ಕೊಳ್ಳೋದು ಮೇಡಂ? ಥೂ, ನಾಚ್ಕೆ ಆಯ್ತದೆ. ನೀವು ಬಿನ್ನವತ್ತಳೆ ಬರೆಯೋರು, ನೀವೇ ಹೇಳಿ." ಪರರನ್ನು ಹೊಗಳುವ ವಿದ್ಯೆ ನನಗೆ ಗೊತ್ತು, ತನ್ನನ್ನು ಹೊಗಳಿಕೊಳ್ಳುವುದು ನಮ್ಮ ಸಿಲಬಸ್ಸಿನಲ್ಲಿಲ್ಲ ಎಂದೆ. ಕೊನೆಗೆ ತನ್ನನ್ನು ಬಿಟ್ಟು ಅಪ್ಪನ ಬಗ್ಗೆ, ಮೂರು ಗಂಟೆಯ ಬಗ್ಗೆ ಬರೆದು ಕಳಿಸಿದ. ಶಿಫಾರಸು ಪತ್ರ ಬರೆಯಬೇಕಾದ ಪ್ರಿನ್ಸಿಪಾಲರೋ, ಈ ಯುವಕ ಮರ್ಯಾದಸ್ಥ ಮನೆತನದವನು, ನಾನು ತಿಳಿದಂತೆ ಬೀಡಿ ಸಿಗರೇಟು ಸೇದುವುದಿಲ್ಲ ಎಂದು ಬರೆದರು. ಪಾಪ, ಮಾಲೂರಿನ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ನಮ್ಮ ಕಡೆ ಒಬ್ಬನ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುವುದೇನಿರುತ್ತದೆ?

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವನು ಹಳ್ಳಿಗೆ ಹೋದ. ಪೊಲೀಸಿನವನು ಬಂದನೆಂದು ಮೊದಲು ಅಮ್ಮ ಅತ್ತರಂತೆ. ಮಗ ಅಮೆರಿಕಕ್ಕೆ ಹೋಗುವುದರ ವಿಚಾರಣೆ ಎಂದು ತಿಳಿದ ಮೇಲೆ ಊರಿಗೆ ಊರೇ ಬಂದು ಅವನಿಗೆ ಎಳನೀರು ಕುಡಿಸಿ ಕಳಿಸಿತು. ಅಲ್ಲಿಂದಾಚೆಗೆ ಹಳ್ಳಿಯಲ್ಲಿ ಅರ್ಜಿಗಿರ್ಜಿ ಎನ್ನುವ ಮಾತೇ ಇಲ್ಲ, 'ಹೋಗ್ತವ್ನೆ' ಅಷ್ಟೆ.

ಎಪ್ಪತ್ತೈದೋ ಎಪ್ಪತ್ತಾರೋ ಇರಬೇಕು. ಅರ್ಜಿ ಹೋಗಿ ಆಗಿತ್ತು. ಲೆಕ್ಕದ ಪರೀಕ್ಷೆ ಬರೆಯಲು ನಾಲ್ಕು ದಿನ ರಜ ಹಾಕಿ ಮದ್ರಾಸಿಗೆ ಹೋದ. ಅವನು ಅತ್ತ ಹೋದ ಮೇಲೆ ಇತ್ತ ಕಾಲೇಜಿನ ವಿಳಾಸಕ್ಕೆ ಒಂದು ದಪ್ಪ ಕವರು ಬಂತು. ಅಮೆರಿಕದ ಸ್ಟಾಂಪು. ಕಾಲೇಜಿಗೆ ಬಂದ ಟಪಾಲನ್ನೆಲ್ಲ ಪ್ರಿನ್ಸಿಪಾಲರೇ ಒಡೆಯುವುದು ಪದ್ಧತಿ. ಒಡೆದರು. ಒಳಗೆ ನುಣುಪು ಕಾಗದದ ದಪ್ಪ ಪುಸ್ತಕ, ಹಾಳೆ ತಿರುವಿದಲ್ಲೆಲ್ಲ ಬಣ್ಣದ ಚಿತ್ರ. ಕೆಂಪು ಎಲೆಯ ಮರಗಳು, ಇಟ್ಟಿಗೆಯ ಕಟ್ಟಡ, ಹುಲ್ಲಿನ ಮೇಲೆ ಕೂತು ಓದುವ ಹುಡುಗ ಹುಡುಗಿಯರು. ಅದು ಅರ್ಜಿ ಹಾಕಿದವರಿಗೆಲ್ಲ ಕಳಿಸುವ ಪುಸ್ತಕ. ಅದು ನಮಗೆಲ್ಲಿ ಗೊತ್ತು?

"ಸೀಟು ಕೊಡದವರು ಇಷ್ಟು ದಪ್ಪ ಪುಸ್ತಕ ಯಾಕ್ರೀ ಕಳಿಸ್ತಾರೆ?" ಎಂದರು ಪ್ರಿನ್ಸಿಪಾಲರು. ಎಲ್ಲರಿಗೂ ಸರಿ ಎನ್ನಿಸಿತು. ನಮ್ಮಲ್ಲಿ ಇಲ್ಲ ಎನ್ನುವ ಆಫೀಸಿನವರು ಒಂದು ಪೋಸ್ಟ್ ಕಾರ್ಡನ್ನೂ ದಂಡ ಮಾಡುವುದಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರು ಮುಂದಿನ ವಾರ ಕಾಶಿಯಾತ್ರೆಗೆ ಹೊರಡುವವರಿದ್ದರು, ಅವರಿಗೆ ಬಿಡುವಿದ್ದದ್ದು ಶನಿವಾರ ಒಂದೇ. ಸರಿ, ಶನಿವಾರವೇ ಸೆಂಡಾಫ್. ಹಳ್ಳಿಗೆ ಆಳು ಓಡಿತು. ನನಗೆ ಬಿನ್ನವತ್ತಳೆಯ ಆಜ್ಞೆಯಾಯಿತು. ಎಲ್ಲರೂ ಸೇರಿ ಒಂದು ಸೂಟ್‌ಕೇಸು ತಂದರು.

ಶನಿವಾರ ಮಧ್ಯಾಹ್ನ ಅವನು ಮದ್ರಾಸಿನ ಬಸ್ಸಿಳಿದು, ಕೈಚೀಲ ಹಿಡಿದು, ಸುಕ್ಕಾದ ಅಂಗಿಯಲ್ಲಿ ಕಾಲೇಜಿನೊಳಕ್ಕೆ ಬಂದರೆ ಶಾಮಿಯಾನ. ಮೈಕಿನಲ್ಲಿ ಅವನದೇ ಹೆಸರು. ಟ್ರಾಕ್ಟರು ಕಟ್ಟಿಕೊಂಡು ಬಂದ ಊರಿನ ಜನ ಮುಂದುಗಡೆ ಕೂತಿದ್ದಾರೆ. ವೇದಿಕೆಯ ಮೇಲೆ ಅಧ್ಯಕ್ಷರ ಪಕ್ಕದಲ್ಲಿ ಬಿಳಿ ರುಮಾಲು ಸುತ್ತಿ ಅವನ ಅಪ್ಪ. ನಾಲ್ಕು ಜನ ಹುಡುಗರು ಅವನನ್ನು ಹೊತ್ತಂತೆ ತಂದು ಕುರ್ಚಿಯಲ್ಲಿ ಕೂರಿಸಿದರು. ಚೆಂಡುಹೂವಿನ ಹಾರ, ಎದೆ ಮುಚ್ಚುವಷ್ಟು ದಪ್ಪನೆಯದು, ಕೊರಳಿಗೆ ಬಿತ್ತು. ನಾನು ಬಿನ್ನವತ್ತಳೆ ಓದಿದೆ. ಓದುವಾಗ ಅವನ ಮುಖ ನೋಡಿದೆ. ಸುಣ್ಣದ ಗೋಡೆಯ ಹಾಗಿತ್ತು.

ಉತ್ತರ ಹೇಳಲು ಎದ್ದ. "ಇನ್ನೂ ಏನೂ ಖಾತ್ರಿಯಾಗಿಲ್ಲ. ಅವರು ಇನ್ನೂ ಏನೂ ಹೇಳಿಲ್ಲ. ನಾನು ಹೋಗ್ತಾ ಇಲ್ಲ" ಎಂದ. ಚಪ್ಪಾಳೆಯೋ ಚಪ್ಪಾಳೆ. "ಎಷ್ಟು ವಿನಯ ನೋಡಿ" ಎಂದು ಅಧ್ಯಕ್ಷರು ಮೈಕಿಗೆ ಕೇಳುವ ಹಾಗೆಯೇ ಹೇಳಿದರು. ಅವನು ಮತ್ತೆ ಬಾಯಿ ತೆರೆದ. ಅಷ್ಟರಲ್ಲಿ ಅಪ್ಪನ ಕಡೆ ಕಣ್ಣು ಹೋಯಿತು. ಆ ಮನುಷ್ಯ ಟವೆಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, ಮುಂದೆ ಕೂತ ಊರಿನವರನ್ನು ನೋಡಿ ನಗುತ್ತಿದ್ದ. ಮಾರ್ಕೆಟ್ಟಿನಲ್ಲಿ ತಲೆ ಬಗ್ಗಿಸುತ್ತಿದ್ದ ಆ ಅಪ್ಪ ತಲೆಯೆತ್ತಿ ಕೂತಿದ್ದ. ಇವನು "ನಮಸ್ಕಾರ" ಎಂದು ಕೂತುಬಿಟ್ಟ. ಆಮೇಲೆ ಗ್ರೂಪ್ ಫೋಟೊ. ನಡುವೆ ಅವನು, ಕೊರಳಲ್ಲಿ ಹಾರ, ಕಾಲ ಹತ್ತಿರ ಸೂಟ್‌ಕೇಸು.

ಮಾರನೆಯ ದಿನ ಅಪ್ಪನನ್ನು ರೂಮಿನಲ್ಲಿ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದನಂತೆ. ಅಪ್ಪ "ಊರಾಗೆಲ್ಲಾ ಏಳ್ಬಿಟ್ಟಿವ್ನಲ್ಲಪ್ಪಾ" ಎಂದರಂತೆ. ಆಮೇಲೆ, "ಓಗ್ಲಿ, ಸೀಟು ಬತ್ತದಲ್ಲ? ಬರೋಗಂಟ ಊರ ಕಡೆ ತಲೆ ಆಕ್ಬೇಡ. ಅಮೇರಿಕಾಗೆ ಓದ ಅಂತ್ಲೇ ಇರ್ಲಿ."

ಸೋಮವಾರ ಅವನು ಎಂದಿನಂತೆ ಕಾಲೇಜಿಗೆ ಬಂದು ರುಜು ಹಾಕಿದ. ನಮಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸೂಟ್‌ಕೇಸನ್ನು ವಾಪಸು ತಂದಿದ್ದ. ಕೊಟ್ಟದ್ದನ್ನು ಯಾರಾದರೂ ವಾಪಸು ತೆಗೆದುಕೊಳ್ಳುತ್ತಾರೆಯೇ? ಅದು ಸ್ಟಾಫ್ ರೂಮಿನ ಬೀರುವಿನ ಮೇಲೆ ಹತ್ತಿ ಕೂತಿತು. ಮುಂದೆ ನಮ್ಮಲ್ಲಿ ಯಾರೇ ಪ್ರವಾಸ ಹೊರಟರೂ ಅದನ್ನೇ ಒಯ್ಯುವುದು ರೂಢಿಯಾಯಿತು. ನಾನೂ ತಿರುಪತಿಗೆ ಒಯ್ದಿದ್ದೇನೆ. ಅದು ಮದ್ರಾಸು, ಬೊಂಬಾಯಿ, ಧರ್ಮಸ್ಥಳ ಎಲ್ಲ ನೋಡಿತು.

ಎರಡು ತಿಂಗಳಾದ ಮೇಲೆ ಇನ್ನೊಂದು ಕವರು ಬಂತು. ಸೀಟು ಇಲ್ಲ. ಅಪ್ಪ ಬಂದು ಕೇಳಿಕೊಂಡು, ರೂಮಿನ ಹೊಸ್ತಿಲ ಮೇಲೆ ಕೂತು, "ಒಂದೊರ್ಸುದ್ ಓದು ಅಂತ ಏಳ್ತೀನಿ. ಒಂದೊರ್ಸ ತಡ್ಕೋ ಮಗಾ" ಎಂದು ಹೇಳಿ ಎದ್ದು ಹೋದರಂತೆ.

ಹೀಗಾಗಿ ನಮ್ಮ ಕಾಮರ್ಸ್ ಮೇಷ್ಟ್ರು ಒಂದು ವರ್ಷ ಅಮೆರಿಕದಲ್ಲಿದ್ದರು, ಮುಳಬಾಗಿಲಿನ ಬಾಡಿಗೆ ರೂಮಿನಲ್ಲಿ. ಹೇಳಿದರೆ ನಗು ಬರುತ್ತದೆ, ನನಗೂ ಬಂದಿತ್ತು. ಒಂದು ಯುಗಾದಿ, ಒಂದು ಗೌರಿಹಬ್ಬ ಅವನು ಹೋಟೆಲಿನಲ್ಲಿ ಊಟ ಮಾಡಿದ್ದನ್ನು ನೋಡಿದ ಮೇಲೆ ನಗು ನಿಂತುಹೋಯಿತು. ಪೇಟೆಯವರು ಮೊದಮೊದಲು "ಯಾವಾಗ ಸಾರ್ ಹೊರಡೋದು?" ಎನ್ನುತ್ತಿದ್ದರು. ಸ್ವಲ್ಪ ದಿವಸ ಕಳೆದ ಮೇಲೆ ಅವರೇ "ಯಾವಾಗ ಸಾರ್ ಬಂದಿದ್ದು?" ಎನ್ನತೊಡಗಿದರು. ಎರಡಕ್ಕೂ ಅವನದು ಒಂದೇ ಉತ್ತರ, "ಆಗ್ಲಿ ಬಿಡಿ."

ಆದರೆ ಊರಿನವರ ಕಥೆಯೇ ಬೇರೆ. ಸಂತೆಗೆ, ಗೊಬ್ಬರಕ್ಕೆ, ಕೋರ್ಟು ಕಚೇರಿಗೆ ಅವನ ಹಳ್ಳಿಯವರು ಮುಳಬಾಗಿಲಿಗೆ ಬರದೆ ಇನ್ನೆಲ್ಲಿಗೆ ಹೋಗುತ್ತಾರೆ? ಬರುತ್ತಿದ್ದರು, ಅವನನ್ನು ನೋಡುತ್ತಿದ್ದರು, ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು. ಮೊದಲು ನಾನು ಅದನ್ನು ಜಂಬವೋ ಜಗಳವೋ ಎಂದುಕೊಂಡಿದ್ದೆ. ಒಂದು ಸಂತೆಯ ದಿನ ಗೊಬ್ಬರದ ಅಂಗಡಿಯ ಮುಂದೆ ನಾನೂ ಅವನೂ ಮಾತಾಡುತ್ತ ನಿಂತಿದ್ದೆವು. ಒಬ್ಬ ಮುದುಕ ಬಂದು ಅವನಿಗೆ ಒಂದು ಮೊಳ ದೂರದಲ್ಲಿ ನಿಂತ. ಅವನ ಕಡೆ ತಿರುಗಲೇ ಇಲ್ಲ. ಅಂಗಡಿಯವನನ್ನು ನೋಡಿಕೊಂಡು ಗಟ್ಟಿಯಾಗಿ ಶುರುಮಾಡಿದ.

"ನಮ್ಮೂರಾಗೆ ಮಳೆ ಚೆಂದಾಗಾಯ್ತು ಶೆಟ್ರೆ. ನಮ್ ಪಕ್ಕದ್ಮನೆ ಯಜಮಾನಂಗೆ ಜ್ವರ ಬಂದಿತ್ತು. ಈಗ ವಾಸಿ, ಎದ್ದು ಓಡಾಡ್ತವ್ನೆ. ಅವ್ರ ಕರೀ ಅಸು ಈದೈತೆ, ಎಣ್ ಕರ. ಆಯಮ್ಮ ಚೆಂದಾಗವ್ಳೆ. ದೊಡ್ ಮಗ ದೇಸಾಂತ್ರ ಓಗವ್ನಲ್ಲ, ಅವ್ನ ನೆಪ್ಪು ಮಾಡ್ಕೊಂಡು ಒಂದೊಂದ್ಸಲ ಅಳ್ತಾಳೆ, ಅಷ್ಟೆ."

ಅಂಗಡಿಯವನು ತಲೆಬುಡ ತಿಳಿಯದೆ ಹೂಂ ಹೂಂ ಎನ್ನುತ್ತಿದ್ದ. ಮುದುಕ ಗೊಬ್ಬರವನ್ನೂ ಕೊಳ್ಳಲಿಲ್ಲ, ಹೇಳುವುದನ್ನು ಹೇಳಿ ಹೊರಟುಹೋದ. ಇವನು ಕಿವಿ ಎಳೆದುಕೊಳ್ಳುತ್ತ ನೆಲ ನೋಡುತ್ತಿದ್ದ.

"ಯಾರು?" ಎಂದೆ.

"ನಮ್ ಪಕ್ಕದ್ಮನೆ ತಾತ ಅಕ್ಕಾ. ನನ್ನ ಎತ್ತಾಡ್ಸಿದೋರು."

"ಮತ್ತೆ ಮಾತಾಡಿಸಲಿಲ್ಲ?"

"ನಾನು ಇಲ್ಲಿಲ್ವಲ್ಲಕ್ಕಾ. ಎಲ್ರಿಗೂ ಗೊತ್ತು. ಗೊತ್ತು ಅಂತ ನಮ್ಮಪ್ಪನಿಗೆ ಗೊತ್ತಾಗ್ಬಾರ್ದು, ಅದಕ್ಕೆ."

ಒಬ್ಬ ಮನುಷ್ಯನ ರುಮಾಲು ಜಾರಬಾರದೆಂದು ಊರಿಗೆ ಊರೇ ಸುಳ್ಳಿಗೆ ಹೆಗಲು ಕೊಟ್ಟಿತ್ತು. ಅದೆಂಥ ಒಳ್ಳೆಯ ಜನ! ಆ ಒಳ್ಳೆಯತನದ ಭಾರವನ್ನೆಲ್ಲ ಹೊರುತ್ತಿದ್ದವನು ಇವನೊಬ್ಬ.

ವರ್ಷ ಕಳೆದ ಮೇಲೆ ಅಪ್ಪ ಅದೇ ರುಮಾಲು ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ಅವನನ್ನು ಕರೆದುಕೊಂಡು ಹೋದರು. ಹಾರ ತಂದಿದ್ದರಂತೆ, ಇವನು ಬೇಡವೇ ಬೇಡ ಎಂದು ಹಟ ಮಾಡಿದನಂತೆ. ಮನೆ ಬಾಗಿಲಲ್ಲಿ ಆರತಿ ಎತ್ತಿದರು. ಊರಿನವರು ಬಂದು ಜಗಲಿಯ ಮೇಲೆ ಕೂತು, ಆ ಪಕ್ಕದ ಮನೆಯ ತಾತನೂ ಸೇರಿ, ಅಲ್ಲಿ ಚಳಿ ಹೇಗೆ, ನೀರು ಹೇಗೆ, ಮುದ್ದೆ ಸಿಗುತ್ತದೆಯೇ ಎಂದು ಕೇಳಿದರು.

"ನೀನೇನ್ ಹೇಳಿದೆ?" ಎಂದೆ. ಆ ಹೊತ್ತಿಗೆ ನನ್ನ ಬಹುವಚನ ಬಿದ್ದುಹೋಗಿತ್ತು.

"ಮುದ್ದೆ ಸಿಗಲ್ಲ, ಅದಕ್ಕೇ ಬಂದ್ಬಿಟ್ಟೆ ಅಂದೆ. ಎಲ್ರೂ ನಕ್ರು." ಅವನೂ ನಕ್ಕ. ದಣಿದವರು ನಗುವ ಹಾಗೆ, ಬರೀ ಬಾಯಲ್ಲಿ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಎಷ್ಟೋ ವರ್ಷ ಹಾಗೆಯೇ ತಿಳಿದಿದ್ದೆ. ಟೊಮೆಟೊ ರೇಟು ಕೇಳುವುದನ್ನು ಅವನು ಬಿಡಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ಯಾರಾದರೂ ಬಂದು ತಮ್ಮನಿಗೆ ಕೆಲಸ ಸಿಗುತ್ತದಂತೆ, ಮಗಳಿಗೆ ಗಂಡು ಒಪ್ಪಿದೆಯಂತೆ ಎಂದರೆ, "ಬಸ್ಸು ಊರು ದಾಟ್ಲಿ, ಆಮೇಲೆ ಟಾಟಾ ಮಾಡೋಣ" ಎನ್ನುತ್ತಿದ್ದ. ಅವನ ವಿದ್ಯಾರ್ಥಿಗಳು ಈಗಲೂ ಆ ಮಾತು ಆಡುತ್ತಾರೆ. ಅದು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲ. ಕಾಲೇಜಿನ ಗ್ರೂಪ್ ಫೋಟೊ ತೆಗೆಯುವಾಗ ಪ್ರತಿ ವರ್ಷವೂ ಹೋಗಿ ಕ್ಯಾಮೆರಾದವನ ಪಕ್ಕದಲ್ಲಿ ನಿಂತು, ನೀನು ಈ ಕಡೆ ಬಾ, ನೀನು ತಲೆ ಎತ್ತು ಎಂದು ಎಲ್ಲರನ್ನೂ ಸರಿಮಾಡುತ್ತಿದ್ದ. ಹೀಗಾಗಿ ಯಾವ ಫೋಟೊದಲ್ಲೂ ಅವನಿಲ್ಲ. ಹಾರವಂತೂ ಯಾರಿಂದಲೂ ಹಾಕಿಸಿಕೊಳ್ಳುತ್ತಿರಲಿಲ್ಲ.

ಮದುವೆಯೂ ಆಗಲಿಲ್ಲ. ಹೆಣ್ಣುಗಳೇನು ಬಾರದೇ ಇರಲಿಲ್ಲ. ಫಾರಿನ್ ರಿಟರ್ನ್ ಹುಡುಗ ಎಂದು ದೂರದೂರದಿಂದಲೇ ಬಂದವು. ಹೆಣ್ಣಿನ ಕಡೆಯವರಿಗೆ ನಿಜ ಹೇಳಿದರೆ ಅಪ್ಪನ ಮಾತು ಹೋಗುತ್ತದೆ, ಹೇಳದಿದ್ದರೆ ಆ ಹುಡುಗಿಗೆ ಮೋಸ. ಎರಡೂ ಬೇಡ ಎಂದು ಸುಮ್ಮನಾದ. ತಮ್ಮನಿಗೆ ಮದುವೆ ಮಾಡಿಸಿದ.

ಎಂಬತ್ತರ ದಶಕದಲ್ಲಿ ಒಂದು ಬೇಸಿಗೆ ಇಬ್ಬರೂ ಕೋಲಾರಕ್ಕೆ ಪೇಪರ್ ತಿದ್ದಲು ಹೋಗಿದ್ದೆವು. ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ನನಗೆ ಸೊಂಟ ಬಿದ್ದುಹೋಗಿತ್ತು, ಅವನಿಗೆ ಕಣ್ಣು ಉರಿ. ಮುಳಬಾಗಿಲಿನ ಬಸ್ಸು ಬರಲೊಲ್ಲದು. ಪಕ್ಕದಲ್ಲಿ ಒಬ್ಬ ಹುಡುಗನನ್ನು ಬೊಂಬಾಯಿಯ ಕೆಲಸಕ್ಕೆ ಕಳಿಸಲು ಮನೆಮಂದಿಯೆಲ್ಲ ಬಂದು ಹಾರ ಹಾಕುತ್ತಿದ್ದರು. ಅದನ್ನೇ ನೋಡುತ್ತಿದ್ದವನು, ನಾಳೆ ಎಷ್ಟು ಪೇಪರ್ ಉಳಿದಿದೆ ಎನ್ನುವ ಧಾಟಿಯಲ್ಲಿ ಹೇಳಿದ.

"ಆಮೇಲೆ ನಂಗೆ ಸೀಟ್ ಸಿಕ್ತು ಅಕ್ಕಾ."

"ಏನು?"

"ಊರಿಗೆ ವಾಪಸ್ ಹೋದ್ಮೇಲೆ ಇನ್ನೊಂದ್ಸಲ ಅರ್ಜಿ ಹಾಕ್ದೆ. ಯಾರ್ಗೂ ಹೇಳ್ಲಿಲ್ಲ. ಬೆಂಗಳೂರು ಸ್ನೇಹಿತನ ಅಡ್ರೆಸ್ ಕೊಟ್ಟಿದ್ದೆ. ಈ ಸಲ ತೆಳ್ಳನೆ ಕವರು. ಸೀಟ್ ಕೊಟ್ಟಿದ್ರು. ಫೀಸ್ ಬೇಡ ಅಂತ್ಲೂ ಬರ್ದಿದ್ರು. ಅಪ್ಪನ ಮೂರು ಗಂಟೆ ಕಥೆ ಅವರಿಗೆ ಹಿಡಿಸ್ತಂತೆ."

ನನ್ನ ಬಾಯಿಂದ ಬೈಗುಳವೇ ಹೊರಟಿತು. "ಅಯ್ಯೋ ನಿನ್ನ ಮನೆ ಕಾಯ್ವಾಗ! ಹೋಗೋಕೇನಾಗಿತ್ತೋ ನಿಂಗೆ?"

"ಹೆಂಗಕ್ಕಾ ಹೋಗೋದು? ಊರಿನ ಲೆಕ್ಕದಲ್ಲಿ ನಾನು ಹೋಗಿ ಬಂದಾಗಿತ್ತು. ಈಗ ಮತ್ತೆ ಹೋಗ್ತೀನಿ ಅಂದ್ರೆ, ಮೊದಲನೇದು ಸುಳ್ಳು ಅಂತ ಊರೆದುರು ಅಪ್ಪನ ಮುಖಕ್ಕೆ ಹೇಳ್ದಂಗೆ."

"ಊರಿಗೆ ಗೊತ್ತಿತ್ತಲ್ಲೋ!"

"ಗೊತ್ತಿರೋದು ಬೇರೆ, ಹೇಳೋದು ಬೇರೆ ಅಲ್ವಾ."

"ಅಪ್ಪನಿಗಾದ್ರೂ ಹೇಳ್ದೆಯಾ?"

"ಇಲ್ಲ. ಹೇಳಿದ್ರೆ ಹೋಗು ಅಂತಿದ್ರು. ನಂದೇನೋಗ್ಲಿ, ನೀನ್ ಹೋಗು ಅಂತಿದ್ರು. ಅದಕ್ಕೇ ಹೇಳ್ಲಿಲ್ಲ."

ನನಗೆ ಸಿಟ್ಟು ಬಂತು. ಆ ಪ್ರಿನ್ಸಿಪಾಲರ ಮೇಲೆ, ಕಾಶಿಗೆ ಹೊರಟ ಅಧ್ಯಕ್ಷರ ಮೇಲೆ, ಚಪ್ಪಾಳೆ ಹೊಡೆದ ನಮ್ಮೆಲ್ಲರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅವನ ಮೇಲೆ. ಅಳುವೂ ಬಂತು. ಬೈದೆ, ಇನ್ನೂ ಬೈಯುತ್ತಿದ್ದೆನೋ ಏನೋ, ಬಸ್ಸು ಬಂತು. ಅವನು ಓಡಿಹೋಗಿ ಕಿಟಕಿಯಿಂದ ಟವೆಲು ಹಾಕಿ ನನಗೆ ಸೀಟು ಹಿಡಿದ. ತಾನು ದಾರಿಯುದ್ದಕ್ಕೂ ನಿಂತುಕೊಂಡೇ ಬಂದ.

ಈ ವರ್ಷ ಬೇಸಿಗೆಯಲ್ಲಿ ಅದೇ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ, ಪೇಪರ್ ತಿದ್ದಿ ಬರುವಾಗ, ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಆಗ ತಾನೇ ನಲವತ್ತು ತುಂಬಿತ್ತು. ಈ ಸಲ ನಾನು ಹೋಗಿರಲಿಲ್ಲ.

ಹನ್ನೊಂದ‌ನೆಯ ದಿನದ ಕಾರ್ಯಕ್ಕೆ ಕಾಲೇಜಿನಿಂದ ಒಂದು ವ್ಯಾನು ಮಾಡಿಕೊಂಡು ಹೋದೆವು. ಅವನ ಊರನ್ನು ನಾನು ನೋಡಿದ್ದು ಅದೇ ಮೊದಲು. ಅಂಗಳದ ತುಂಬ ಜನ. ಅಪ್ಪ ಗೋಡೆಗೆ ಒರಗಿ ಕೂತಿದ್ದರು, ತಲೆಯ ಮೇಲೆ ರುಮಾಲಿರಲಿಲ್ಲ. ಅಮ್ಮ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನಡುಮನೆಯ ಗೋಡೆಯ ಕೆಳಗೆ, ಮಣೆಯ ಮೇಲೆ, ಹೊಸದಾಗಿ ಕಟ್ಟು ಹಾಕಿಸಿದ ಅವನ ಫೋಟೊ.

ನೋಡಿದ ಕೂಡಲೇ ಗುರುತು ಸಿಕ್ಕಿತು. ಗ್ರೂಪ್ ಫೋಟೊದಿಂದ ನಮ್ಮನ್ನೆಲ್ಲ ಕತ್ತರಿಸಿ ತೆಗೆದು ಅವನೊಬ್ಬನನ್ನು ದೊಡ್ಡದು ಮಾಡಿಸಿದ್ದರು. ಸುಕ್ಕಾದ ಅಂಗಿ, ಸುಣ್ಣದ ಮುಖ, ಕೊರಳಲ್ಲಿ ಆ ದಪ್ಪ ಚೆಂಡುಹೂವಿನ ಹಾರ. ಹೂವಿನ ಹಾರ ಹಿಡಿದು ಬಂದ ಅವನ ತಮ್ಮ ಫೋಟೊದ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಇದ್ದ ಹಾರದ ಮೇಲೆಯೇ ಇದನ್ನೂ ಹಾಕಿದ. "ಬೇರೆ ಫೋಟಾನೇ ಇಲ್ಲ ಮೇಡಂ. ಅಣ್ಣ ತೆಗೆಸ್ಕೊಂಡೇ ಇಲ್ಲ" ಎಂದ.

ಯಾವುದೋ ದೂರದ ಊರಿನಿಂದ ಬಂದಿದ್ದ ನೆಂಟರ ಮುದುಕಿಯೊಬ್ಬಳು ಫೋಟೊದ ಹತ್ತಿರ ಬಗ್ಗಿ ನೋಡಿ ಕೇಳಿದಳು. "ಬದ್ಕಿದ್ದಾಗ್ಲೇ ಆರ ಆಕವ್ರಲ್ಲಮ್ಮಾ. ಇದ್ಯಾವಾಗ ತೆಗ್ಸಿದ್ದು?"

ಹೊರಗೆ ಗೋಡೆಗೆ ಒರಗಿದ್ದ ಅಪ್ಪನ ತಲೆ ಈ ಕಡೆ ತಿರುಗಿತು.

"ಅಮೇರಿಕಾಗೆ ಓಗೋವಾಗ ತೆಗ್ಸಿದ್ದು" ಎಂದರು ಅಮ್ಮ.

"ಊಂ, ನಾವೆಲ್ಲಾ ಓಗಿದ್ವಿ ಕಳ್ಸಾಕೆ. ಟ್ರಾಕ್ಟರು ಕಟ್ಕಂಡು ಓಗಿದ್ವಿ" ಎಂದ ಬಾಗಿಲ ಹತ್ತಿರ ಕೂತಿದ್ದ ಮುದುಕ. ಗೊಬ್ಬರದ ಅಂಗಡಿಯ ಮುಂದೆ ನಿಂತಿದ್ದ ತಾತ. ಇನ್ನಿಬ್ಬರು ತಲೆಯಾಡಿಸಿದರು.

ಅಮ್ಮ ನನ್ನ ಕಡೆ ತಿರುಗಿದರು. ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು. "ಅಲ್ವೇನಮ್ಮಾ? ನೀವೂ ಇದ್ರಲ್ಲ."

"ಹೌದಮ್ಮಾ, ಇದ್ದೆ" ಎಂದೆ. "ಬಿನ್ನವತ್ತಳೆ ನಾನೇ ಓದಿದ್ದು."